ಎನ್‌ಐಸಿಯು ಫಾರ್ಮಸಿಸ್ಟ್ ಸೇವೆ: ಕೌಂಟರ್‌ನಲ್ಲಿ ಕೂತರೆ ಅರ್ಧ ಕೆಲಸ

ನವಜಾತ ಶಿಶುಗಳ ಐಸಿಯುಗೆ ಪ್ರತ್ಯೇಕ ಫಾರ್ಮಸಿಸ್ಟ್ ಯಾಕೆ ಎನ್ನುವವರಿಗೆ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್‌ನ ಒಂದು ವಯಲ್ ತೋರಿಸಿದರೆ ಸಾಕು. 2 ಮಿ.ಲೀ.ಯಲ್ಲಿ 80 ಮಿ.ಗ್ರಾಂ. 1 ಕೆ.ಜಿ. ಮಗುವಿಗೆ 5 ಮಿ.ಗ್ರಾಂ ಬರೆದಿದ್ದರೆ ಎಳೆಯಬೇಕಾದದ್ದು 0.125 ಮಿ.ಲೀ., ಅಂದರೆ ಎರಡು-ಮೂರು ಹನಿ. ತೆಳುಗೊಳಿಸಲು ಅದೇ ಸಿರಿಂಜ್‌ಗೆ ಸಲೈನ್ ಎಳೆದುಕೊಂಡರೆ ಮೂತಿಯಲ್ಲೂ ಸೂಜಿಯಲ್ಲೂ ನಿಂತಿದ್ದ ಔಷಧ ಕೂಡ ಒಳಗೆ ಬರುತ್ತದೆ. ಗೆರೆ ಸರಿಯಾಗಿಯೇ ಕಾಣುತ್ತದೆ, ಡೋಸ್ ಮಾತ್ರ ಏರಿರುತ್ತದೆ. ಫಾರ್ಮಸಿಸ್ಟ್ ಇರುವಲ್ಲಿ 1 ಮಿ.ಲೀ. ಔಷಧವನ್ನು ಖಾಲಿ ಸ್ಟೆರೈಲ್ ವಯಲ್‌ನಲ್ಲಿ 19 ಮಿ.ಲೀ. ಸಲೈನ್ ಜೊತೆ ಬೆರೆಸುತ್ತಾರೆ. ಆಗ 5 ಮಿ.ಗ್ರಾಂಗೆ 2.5 ಮಿ.ಲೀ. ನೆಮ್ಮದಿಯಾಗಿ ಅಳೆಯಬಹುದು.

ವೈದ್ಯರ ರೌಂಡ್ಸ್‌ನಲ್ಲಿ ಫಾರ್ಮಸಿಸ್ಟ್ ಜೊತೆಗಿದ್ದರೆ ಆಗುವ ಲಾಭ ಇನ್ನೂ ದೊಡ್ಡದು. ಉಸಿರು ನಿಲ್ಲುವ ಮಗುವಿಗೆ ಕೊಡುವ ಕೆಫೀನ್ ಸಿಟ್ರೇಟ್ 20 ಮಿ.ಗ್ರಾಂನಲ್ಲಿ ಕೆಫೀನ್ ಇರುವುದು 10 ಮಿ.ಗ್ರಾಂ ಮಾತ್ರ. ಆರ್ಡರ್‌ನಲ್ಲಿ 'ಸಿಟ್ರೇಟ್' ಎಂಬ ಪದ ಬಿಟ್ಟುಹೋದರೆ ಡೋಸ್ ದುಪ್ಪಟ್ಟೋ ಅರ್ಧವೋ ಆಗುತ್ತದೆ. ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಬರೆದ ಕಡೆ ಕ್ಯಾಲ್ಸಿಯಂ ಡ್ರಿಪ್ ಇದೆಯೇ, ಕಾಮಾಲೆ ಇದೆಯೇ ಎಂದು ಕೇಳಿ ತಡೆಯುವವರೂ ಇವರೇ; ಇವೆರಡರಲ್ಲಿ ಯಾವುದಿದ್ದರೂ ನವಜಾತ ಶಿಶುವಿಗೆ ಆ ಔಷಧ ಅಪಾಯ.

ಸೇವೆಯ ನಿಜವಾದ ಪರೀಕ್ಷೆ ಟಿಪಿಎನ್, ಅಂದರೆ ರಕ್ತನಾಳದ ಮೂಲಕ ಕೊಡುವ ಆಹಾರ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದರೆ ಹರಳುಗಟ್ಟುವ ಅಪಾಯ ಸದಾ ಇದ್ದದ್ದೇ. ಫಾಸ್ಫೇಟ್ ಮೊದಲು ಹಾಕಿ ಚೆನ್ನಾಗಿ ಬೆರೆಸಿ, ಕ್ಯಾಲ್ಸಿಯಂ ಕೊನೆಗೆ ಸೇರಿಸಬೇಕು. ಮೇಜಿನ ಮೇಲೆ ತಿಳಿಯಾಗಿದ್ದ ದ್ರವವೂ ಇನ್‌ಕ್ಯುಬೇಟರ್ ಬಿಸಿಗೆ ಟ್ಯೂಬಿನೊಳಗೆ ಹರಳುಗಟ್ಟಬಹುದು. ಲಿಪಿಡ್ (ಕೊಬ್ಬು) ಬೆರೆತಿದ್ದರೆ ಬಿಳಿ ಬಣ್ಣದಲ್ಲಿ ಹರಳು ಕಾಣುವುದೇ ಇಲ್ಲ, ಅದಕ್ಕೇ 1.2 ಮೈಕ್ರಾನ್ ಫಿಲ್ಟರ್ ಬೇಕು; ಲಿಪಿಡ್ ಇಲ್ಲದ ದ್ರವಕ್ಕೆ 0.2.

ಕೊರತೆ ಕಾಣುವುದು ರಾತ್ರಿ ಮತ್ತು ರಜಾದಿನ. ಮಧ್ಯಾಹ್ನ ಮನೆಗೆ ಹೋಗುವ ಫಾರ್ಮಸಿಸ್ಟ್‌ನಿಂದ ರಾತ್ರಿ ಹುಟ್ಟಿದ ಮಗುವಿಗೆ ಏನು ಪ್ರಯೋಜನ? ಫೋನ್‌ಗಾದರೂ ಸಿಗಬೇಕು. ಪ್ರತಿ ಔಷಧದ ಬೆರೆಸುವ ಅಳತೆಯ ಕಾರ್ಡ್ ಬೆಡ್ ಪಕ್ಕ ಇರಬೇಕು. ಬ್ರ್ಯಾಂಡ್ ಬದಲಾದ ದಿನವೇ ಕಾರ್ಡನ್ನೂ ಪರಿಶೀಲಿಸಬೇಕು, ಏಕೆಂದರೆ ಹೊಸ ವಯಲ್‌ನ ಸಾಂದ್ರತೆ ಬೇರೆಯಿರಬಹುದು, ನವಜಾತ ಶಿಶುಗಳಿಗೆ ಅಪಾಯಕಾರಿಯಾದ ಬೆಂಜೈಲ್ ಆಲ್ಕೋಹಾಲ್ ಎಂಬ ಸಂರಕ್ಷಕ ಕೂಡ ಸೇರಿರಬಹುದು.