ಒಂದೇ ರೈಫಲ್ ಕೊಳ್ಳುವುದಾದರೆ: ರೂಗರ್ 10/22, ಮಾರ್ಲಿನ್ 336

ಅಮೆರಿಕದಲ್ಲಿ ಬೇಟೆಗೂ ಕಾಡಿನ ಆಪತ್ಕಾಲಕ್ಕೂ ಒಂದೇ ರೈಫಲ್ ಸಾಕೆನ್ನುವವರು 1964ರ ರೂಗರ್ 10/22 ಹಾಗೂ 1948ರ ಮಾರ್ಲಿನ್ 336, ಎರಡನ್ನೂ ತೂಗಿ ನೋಡಬೇಕು. ರೂಗರ್ ಅಗ್ಗ, ಹಗುರ, ಅದರ ಪುಟ್ಟ .22 ತೋಟಾಗಳು ಐನೂರಿದ್ದರೂ ಚೀಲದ ಮೂಲೆಯಲ್ಲಿ ಹಿಡಿಯುತ್ತವೆ. ಮೊಲ, ಅಳಿಲುಗಳಿಗೆ ಅಷ್ಟು ಸಾಕು. ಆದರೆ ಜಿಂಕೆ ಬೇಟೆಗೆ ಹೆಚ್ಚಿನ ರಾಜ್ಯಗಳು ಅದನ್ನು ನಿಷೇಧಿಸಿವೆ. ಗಾಯಗೊಂಡ ಪ್ರಾಣಿ ನರಳುತ್ತ ಓಡುವುದನ್ನು ನೆನೆದರೆ ಆ ನಿಷೇಧ ನ್ಯಾಯವೇ ಸರಿ.

ಮಾರ್ಲಿನ್‌ನ .30-30 ತೋಟಾ ದುಬಾರಿಯಾದರೂ ನೂರೈವತ್ತು ಗಜದೊಳಗೆ ಜಿಂಕೆಗೆ ಧಾರಾಳವಾಗಿ ಸಾಲುತ್ತದೆ. ನಳಿಗೆಯಡಿಯ ಕೊಳವೆಯಲ್ಲಿ ಒಂದು ತೋಟಾದ ಮೂತಿ ಮುಂದಿನದರ ಬುಡಕ್ಕೆ ತಾಗಿ ಕೂರುವುದರಿಂದ, ಗಟ್ಟಿಯಾದ ಚೂಪು ಮೂತಿಯ ಗುಂಡನ್ನು ತುಂಬಲೇಬಾರದು; ಒದೆತಕ್ಕೆ ಮೂತಿ ಬಡಿದು ಮುಂದಿನ ತೋಟಾ ಕೊಳವೆಯಲ್ಲೇ ಸಿಡಿಯಬಹುದು. ಕೈ ಪಳಗದವರು ಮೊದಲು ರೂಗರ್ ಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ತಾತ್ಕಾಲಿಕ ವೀಸಾದಲ್ಲಿರುವ ಕನ್ನಡಿಗರು ಬೇಟೆ ಪರವಾನಗಿಯಂಥ ಕಾನೂನಿನ ವಿನಾಯಿತಿಯಿಲ್ಲದೆ ಎರಡರಲ್ಲಿ ಯಾವುದನ್ನೂ ಕೊಳ್ಳುವಂತಿಲ್ಲ.