ಟೊಮೆಟೊ ಬುಡಕ್ಕೆ ಬಾಟಲಿ ಹನಿ: ಎರಡು ಹಂಗಾಮು ಬಳಸಿದ ಮೇಲೆ

ಶಿರಸಿ ಕಡೆಯ ಹಿತ್ತಲಲ್ಲಿ ಟೊಮೆಟೊಗೆ ದುಡ್ಡು ಕೊಟ್ಟು ತರಬೇಕಾದ ಸಲಕರಣೆ ಕಮ್ಮಿ. ಊರುಗೋಲಿಗೆ ಅಡಕೆ ದಬ್ಬೆ (ಅಡಕೆ ಮರದ ಸೀಳು), ಕಟ್ಟಲು ಬಾಳೆಪಟ್ಟೆ. ದಬ್ಬೆಯ ಬುಡವನ್ನು ಕಪ್ಪಾಗುವಷ್ಟು ಸುಟ್ಟು ಊರಿದರೆ ಒರಲೆ (ಗೆದ್ದಲು) ಹತ್ತುವುದು ತುಸು ತಡ. ಅವುಗಳ ಬಗ್ಗೆ ಇಷ್ಟು ಸಾಕು, ಹೇಳಬೇಕಾದದ್ದು ಬುಡಕ್ಕೆ ನೀರು ಹನಿಸುವ ಬಾಟಲಿಯ ವಿಷಯ.

ಲೀಟರ್ ಬಾಟಲಿಯ ತಳ ಕತ್ತರಿಸಿ, ಮುಚ್ಚಳಕ್ಕೆ ಕಾಯಿಸಿದ ಪಿನ್ನಿನಿಂದ ಎರಡು ತೂತು. ಗಿಡದಿಂದ ಒಂದು ಗೇಣು ದೂರ, ನಾಲ್ಕು ಬೆರಳು ಆಳಕ್ಕೆ ತಲೆಕೆಳಗಾಗಿ ಹುಗಿಯುವುದು. ಬೇರು ತುಂಡಾಗದಿರಲು ಸಸಿ ನೆಡುವ ದಿನವೇ ಹುಗಿಯಬೇಕು. ಸಂಜೆ ತಂಬಿಗೆಯಿಂದ ತುಂಬಿಸಿ, ಸುತ್ತ ದರಕು (ಒಣಗಿದ ಎಲೆ) ಮುಚ್ಚಿಬಿಟ್ಟರೆ ಬೆಳಿಗ್ಗೆ ಬಾಟಲಿ ಖಾಲಿ. ಅರ್ಧ ಗಂಟೆಗೇ ಖಾಲಿಯಾದರೆ ತೂತು ದೊಡ್ಡದಾಯಿತು, ಮುಚ್ಚಳ ಬದಲಿಸಿ. ಎಲೆ ಒದ್ದೆಯಾಗುವುದಿಲ್ಲ, ಅಂಗಮಾರಿಯ ಕಾಟ ಕಮ್ಮಿ. ಒಂದು ದಿನ ಒಣಗಿಸಿ ಮರುದಿನ ಕೊಡ ಸುರಿಯುವುದು ತಪ್ಪುವುದರಿಂದ ಕಾಯಿಗೆ ಸುಣ್ಣದಂಶ ಸರಿಯಾಗಿ ತಲುಪುತ್ತದೆ, ತಳ ಕಪ್ಪಾಗಿ ಕೊಳೆಯುವುದೂ ಇಳಿಯುತ್ತದೆ. ಮೊದಲ ಹಂಗಾಮಿಗೆ ಐದಕ್ಕೆ ಐದು ಮಾರ್ಕು.

ಎರಡನೆಯ ಹಂಗಾಮಿನಲ್ಲಿ ಬಣ್ಣ ಬಯಲು. ನಮ್ಮ ಕೆಂಪು ಜಿಗುಟು ಮಣ್ಣು ತೂತಿಗೆ ಮೆತ್ತಿಕೊಳ್ಳುತ್ತದೆ, ಒಳಗೆ ಪಾಚಿ, ಮೇಲೆ ಸೊಳ್ಳೆಮರಿ. ಪಾಚಿಗೆ ಬಾಟಲಿಗೆ ಅಡಕೆ ಹಾಳೆ ಸುತ್ತಿ, ಸೊಳ್ಳೆಗೆ ಮೇಲಿನ ಕತ್ತರಿಸಿದ ಬಾಯಿಗೆ ಬಟ್ಟೆ ಕಟ್ಟಿ, ಮಣ್ಣಿಗೆ ಮುಚ್ಚಳದ ಹೊರಗೆ ತೆಂಗಿನ ನಾರು ಸುತ್ತಿ ಹುಗಿಯಿರಿ. ಆದರೂ ಹದಿನೈದು ದಿನಕ್ಕೊಮ್ಮೆ ಕಿತ್ತು ತೊಳೆಯುವುದು ತಪ್ಪದು.

ನಿಜವಾದ ತಕರಾರು ಬೇರೆ. ತೂತು ಕಟ್ಟಿದ ಬಾಟಲಿ ಮೇಲಿಂದ ತುಂಬಿದಂತೆಯೇ ಕಾಣುತ್ತದೆ, ಗಿಡ ಬಾಡುತ್ತದೆ, ಸೊರಗು ರೋಗವೆಂದು ಒಳ್ಳೆಯ ಗಿಡ ಕಿತ್ತೆಸೆಯುವುದಾಗುತ್ತದೆ! ಕೀಳುವ ಮೊದಲು ದರಕು ಸರಿಸಿ ಮಣ್ಣು ಮುಟ್ಟಿ ನೋಡಿ. ಒಣಗಿದ್ದರೆ ತಪ್ಪು ಬಾಟಲಿಯದು, ನೀರು ಕೊಟ್ಟರೆ ಗಿಡ ಚೇತರಿಸುತ್ತದೆ. ಮಣ್ಣು ಹಸಿಯಿದ್ದೂ, ಎಲೆ ಹಸಿರಿದ್ದೂ ಗಿಡ ಜೋತುಬಿದ್ದಿದ್ದರೆ ಬುಡದ ಕಾಂಡ ಕೊಯ್ದು ಗಾಜಿನ ಲೋಟದ ನೀರಲ್ಲಿ ಅದ್ದಿ ಹಿಡಿಯಿರಿ. ಹಾಲಿನಂಥ ಎಳೆ ಇಳಿದರೆ ದುಂಡಾಣು ಸೊರಗು ರೋಗವೇ. ಬೇರುಸಮೇತ ಕಿತ್ತು ಸುಡಿ, ಗೊಬ್ಬರಗುಂಡಿಗೆ ಹಾಕಬೇಡಿ, ಅದೇ ಜಾಗದಲ್ಲಿ ಬದನೆ, ಮೆಣಸಿನ ಸಸಿಯನ್ನೂ ನೆಡಬೇಡಿ. ಈ ರೋಗ ತಡೆಯುವ ತಳಿ ಬೇಕಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಇದೆ. ಸಂಕರ ತಳಿ, ಬೀಜ ಎತ್ತಿಟ್ಟು ಪ್ರಯೋಜನವಿಲ್ಲ.

ಈಗ ಮೂರು ಮಾರ್ಕು. ಎಂಟು ಗಿಡದವರೆಗೆ ಬಾಟಲಿ ಸೈ. ಇಪ್ಪತ್ತು ಗಿಡವಿದ್ದರೆ ತೊಳೆಯುವುದರಲ್ಲೇ ಭಾನುವಾರ ಕಳೆಯುತ್ತದೆ, ಹನಿ ನೀರಾವರಿಯ ಸಣ್ಣ ಪೈಪೇ ಹಾಕಿಸಿಕೊಳ್ಳಿ.