ಸ್ಟೇಷನ್ ಚೆನ್ನಾಗಿದೆ, ಅಲ್ಲಿಗೆ ನಡೆದು ಹೋಗುವುದೇ ಕಷ್ಟ

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಸ್ಟೇಷನ್ ಒಳಗೆ ಎಲ್ಲಾ ಅಚ್ಚುಕಟ್ಟು. ಲಿಫ್ಟ್ ಕೆಲಸ ಮಾಡುತ್ತದೆ, ನೆಲ ಥಳಥಳ ಅನ್ನುತ್ತದೆ, ರೈಲು ಹೇಳಿದ ಟೈಮಿಗೆ ಬರುತ್ತದೆ. ಒಳಗಿನದಕ್ಕೆ ಮಾತ್ರ ಮಾರ್ಕ್ಸ್ ಅಂದರೆ ಐದಕ್ಕೆ ಐದು. ಆದರೆ ಯಾರೂ ಗೇಟಿನೊಳಗೇ ಮನೆ ಮಾಡಿಕೊಂಡಿಲ್ಲ ಅಲ್ವಾ? ಮನೆಯಿಂದ ಅಲ್ಲಿಗೆ ನಡೆದು ಬರಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು, ಆ ನಡಿಗೆಗೆ ಒಂದು ಮಾರ್ಕ್ಸ್ ಕೊಟ್ಟರೂ ಜಾಸ್ತಿಯೇ.

ಎರಡನೇ ಗೇಟಿನಿಂದ ಹೊರಗೆ ಬಂದು ನೋಡಿ. ಕಣ್ಣು ಕಾಣದವರಿಗೆ ಅಂತ ಹಾಕಿದ ಹಳದಿ ಟೈಲ್ಸ್ ಒಂದಷ್ಟು ದೂರ ನೆಟ್ಟಗೆ ಹೋಗಿ ಸೀದಾ ಕರೆಂಟ್ ಪೆಟ್ಟಿಗೆಗೆ ಗುದ್ದುತ್ತವೆ. ಉದ್ದ ಗೆರೆ ಇದ್ದರೆ ಮುಂದೆ ಹೋಗಿ ಅಂತ, ಗುಂಡು ಗುಂಡು ಉಬ್ಬು ಇದ್ದರೆ ನಿಲ್ಲಿ, ಹುಷಾರು ಅಂತ ಅರ್ಥ. ಇಲ್ಲಿ ಪೆಟ್ಟಿಗೆಯ ಬುಡದವರೆಗೂ ಬರೀ ಗೆರೆ! ಜಪಾನಿನ ಸೆಯಿಚಿ ಮಿಯಾಕೆ ಇದನ್ನು ಕಂಡುಹಿಡಿದು, ಒಕಾಯಾಮಾದ ರಸ್ತೆಯೊಂದರಲ್ಲಿ 1967ರಲ್ಲೇ ಹಾಕಿದ್ದಾಯಿತು. ಇವರು ಇನ್ನೂ ಅದನ್ನು ಅಲಂಕಾರ ಅಂದುಕೊಂಡಿದ್ದಾರೆ.

ಫುಟ್‌ಪಾತ್ ಇದೆಯಾ ಅಂದರೆ, ಇದೆ. ಒಂದು ವೀಲ್‌ಚೇರ್ ಸಲೀಸಾಗಿ ಹೋಗಲು ಸುಮಾರು 90 ಸೆಂಟಿಮೀಟರ್ ಖಾಲಿ ಜಾಗ ಬೇಕು, ಎರಡು ಎದುರುಬದುರಾದರೆ 1.8 ಮೀಟರ್. ಇಲ್ಲಿ ಕಂಬ, ಬೋರ್ಡು, ನಿಲ್ಲಿಸಿದ ಬೈಕು ಎಲ್ಲ ಕಳೆದರೆ ಉಳಿಯುವುದು ಓರೆಯಾಗಿ ನುಸುಳುವಷ್ಟು ಜಾಗ. ಜೊತೆಗೆ ಪ್ರತಿ ಕಾಂಪೌಂಡ್ ಗೇಟಿನ ಮುಂದೂ ಇಳಿ, ಮತ್ತೆ ಹತ್ತು. ಮಂಡಿ ನೋವಿರುವವರು ಈ ಹತ್ತಿಳಿಯುವ ಕಾಟ ಬೇಡ ಅಂತ ರಸ್ತೆಯಲ್ಲೇ ನಡೆಯುತ್ತಾರೆ, ಆಗ ಹಿಂದಿನಿಂದ ಬಸ್ಸು ತಪ್ಪೆಲ್ಲಾ ಇವರದೇ ಅನ್ನುವ ಹಾಗೆ ಹಾರ್ನ್ ಹೊಡೆಯುತ್ತದೆ.

ರ‍್ಯಾಂಪಿನ ಕಥೆ ಇನ್ನೂ ಚೆನ್ನಾಗಿದೆ. ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಅನ್ನುವುದು ಎಲ್ಲಾ ಕಡೆ ಒಪ್ಪಿರುವ ಲೆಕ್ಕ. ಇಲ್ಲಿ ಅರ್ಧ ಅಡಿ ಎತ್ತರಕ್ಕೆ ಎರಡಡಿ ಸಿಮೆಂಟ್ ಬಳಿದು ಕೈ ತೊಳೆದುಕೊಂಡಿದ್ದಾರೆ. ಮೇಲಾಗಿ ಬೈಕ್ ಹತ್ತಬಾರದು ಅಂತ ಅದರ ಬಾಯಿಗೇ ಕಂಬ ನೆಟ್ಟಿದ್ದಾರೆ. ಬೈಕ್ ಹೇಗೋ ತೂರಿಕೊಂಡು ಹೋಗುತ್ತದೆ, ವೀಲ್‌ಚೇರ್ ಮಾತ್ರ ಹೋಗುವುದಿಲ್ಲ.

ಸ್ಟೇಷನ್‌ನಲ್ಲಿ ಕೇಳಿದೆ. ಗೇಟಿನ ಆಚೆ ನಮ್ಮದಲ್ಲ ಅಂದರು. ರಸ್ತೆ ನೋಡಿಕೊಳ್ಳುವ ಕಚೇರಿಯಲ್ಲಿ ಕೇಳಿದರೆ ಅದು ಸ್ಟೇಷನ್‌ನವರ ಕೆಲಸ ಅಂದರು. ಇಬ್ಬರೂ ತುಂಬಾ ಮರ್ಯಾದೆಯಾಗಿ ಮಾತಾಡಿದರು, ಅದನ್ನೂ ಹೇಳಬೇಕು. ಕೋಟಿಗಟ್ಟಲೆ ಸುರಿದು ರೈಲು ತರುತ್ತಾರೆ, ಕೊನೆಯ ಐನೂರು ಮೀಟರ್ ಯಾರದು ಅಂತ ಮಾತ್ರ ಯಾರೂ ಬರೆದಿಟ್ಟಿಲ್ಲ. ಹೀಗಾದಾಗ ಜನ ಬೈಕ್ ತೆಗೆಯದೆ ಇನ್ನೇನು ಮಾಡುತ್ತಾರೆ?

ಹೋಗಲೇಬೇಕಾದವರು ಒಂದನೇ ಗೇಟ್ ಹಿಡಿಯಿರಿ. ಸ್ವಲ್ಪ ಸುತ್ತು, ಆದರೆ ದೀಪ ಇದೆ, ದಾರಿ ಸಮ ಇದೆ. ಮಳೆ ಬಂದ ಸಂಜೆ ಎರಡನೇ ಗೇಟ್ ಕಡೆ ಸುಳಿಯಲೇಬೇಡಿ, ನೀರು ನಿಂತರೆ ಚರಂಡಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಅದರಲ್ಲಿ ಒಂದಕ್ಕೆ ಮುಚ್ಚಳವೇ ಇಲ್ಲ.